ಸಂಜೆಯಾದರೆ ಸಾಯುವ ಮೌಸ್

"ಎತ್ತಿಗೆ ಲಾಳ ಹೊಡೆಯೋನನ್ನ ಕರೆದು ಹೆರಿಗೆ ಮಾಡಿಸಿದ ಹಾಗಾಯ್ತು ನಮ್ಮ ಕತೆ," ಎಂದರು ಪದ್ಮಪ್ಪ ಗೌಡರು. "ಒಂಬತ್ತನೇ ಕ್ಲಾಸಲ್ಲೇ ಸ್ಕೂಲಿಗೆ ಕೈಮುಗಿದು ಬಂದವನ ಕೈಗೆ ಕಂಪ್ಯೂಟರ್ ಕೊಟ್ಟು ಕೂತಿದ್ದೀವಿ. ಅದು ಉಳಿದರೆ ಅದರ ಪುಣ್ಯ."

ಆ ಗಡಿಯೂರಿನ ಹಾಲಿನ ಸೊಸೈಟಿಯ ಜಗಲಿ ತುಂಬ ಸಂಜೆಯ ಹಾಲು ತಂದವರು ನಿಂತಿದ್ದರು. ಮೊದಲು ಒಬ್ಬರು ನಕ್ಕರು, ಆಮೇಲೆ ಕನ್ನಡದವರೆಲ್ಲ ನಕ್ಕರು. ಮಲಯಾಳಿಗಳಿಗೆ ಪಕ್ಕದವರು ಮಾತನ್ನು ಬಿಡಿಸಿ ಹೇಳಿದ ಮೇಲೆ ಅವರೂ ನಕ್ಕರು. ಹಾಗಾಗಿ ಒಂದೇ ಬೈಗುಳಕ್ಕೆ ತೇಜಸ್ ಎರಡು ಸಲ ನಗೆಪಾಟಲಾದ.

ಅವನು ಆಗ ಮೇಜಿನ ಕೆಳಗಿದ್ದ. ಮಂಡಿಯೂರಿ, ಬಾಯಲ್ಲಿ ಸಣ್ಣ ಟಾರ್ಚ್ ಕಚ್ಚಿಕೊಂಡು, ಸಿಪಿಯು ಹಿಂದಕ್ಕೆ ಕೈ ತೂರಿಸಿ ಮೌಸಿನ ವಯರನ್ನು ಒಂದು ಪೋರ್ಟಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಿದ್ದ. ಟಾರ್ಚ್ ಬಾಯಲ್ಲಿದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಏನು ಅಂದುಬಿಡುತ್ತಿದ್ದನೋ. ಮೇಜಿನ ಕೆಳಗಿನಿಂದ ಅವನಿಗೆ ಕಾಣುತ್ತಿದ್ದದ್ದು ಬರೀ ಕಾಲುಗಳು. ಗೌಡರ ಬಿಳಿ ಪಂಚೆಯ ಅಂಚು, ಅದರ ಹಿಂದೆ ಸಾಲಾಗಿ ನಿಂತ ರಬ್ಬರ್ ಚಪ್ಪಲಿಗಳು. ಆ ಸಾಲಿನಲ್ಲಿ ಒಂದು ಜೊತೆ ಅವನ ಅವ್ವ ಮಲ್ಲಿಗಮ್ಮನದು. ಎಡಗಾಲಿನ ಪಟ್ಟಿ ಕಿತ್ತುಹೋದದ್ದಕ್ಕೆ ಅವನೇ ವಯರು ಹೊಲಿದು ಕೊಟ್ಟಿದ್ದ. ಆ ಕಾಲುಗಳು ಅಲುಗಲಿಲ್ಲ. ಅವಳು ನಕ್ಕಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ತೇಜಸ್ಸೇ, ಇದು ಪಿನ್ನೆಯೂ ಹೋಯ್ತು, ಮತ್ತೆ ಹೋಯ್ತು," ಎಂದಳು ಮೇಲಿನಿಂದ ಲತಿಕ.

ಲತಿಕ ಹಾಲಿನ ಕೊಬ್ಬು ನೋಡಿ, ತೂಕ ನೋಡಿ, ಎರಡನ್ನೂ ಕಂಪ್ಯೂಟರಿಗೆ ತುಂಬಿ ಚೀಟಿ ಹೊಡೆದು ಕೊಡುವವಳು. ಅವಳ ಅಂಗೈ ಕೆಳಗೆ ಮೌಸಿನ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಕಂಪ್ಯೂಟರು ಟಿಣಿಂಗ್ ಎಂದಿತು, ಮರುಗಳಿಗೆ ಟುಣುಂಗ್ ಎಂದಿತು. ಸಿಕ್ಕಿಸಿದ್ದು ಏನೆಂದು ತನಗೆ ಗುರುತೇ ಸಿಗುತ್ತಿಲ್ಲ ಎಂದು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಡಬ್ಬಿ ಎದ್ದು ನಿಂತಿತು. ಆಮೇಲೆ ಕೀಬೋರ್ಡೂ ಹೋಯಿತು, ಪ್ರಿಂಟರೂ ಹೋಯಿತು. ಲತಿಕ ನಿಟ್ಟುಸಿರು ಬಿಟ್ಟು ಪೆನ್ನು ಕೈಗೆತ್ತಿಕೊಂಡಳು. ರಸ್ತೆಯಲ್ಲಿ ಹಾಲಿನ ವ್ಯಾನಿನವನು ಹಾರ್ನ್ ಒತ್ತಿಹಿಡಿದ.

ಗೌಡರು ಸೊಸೈಟಿಯ ಅಧ್ಯಕ್ಷರು. ಸೊಸೈಟಿಗೆ ಅಂಟಿಕೊಂಡಂತಿರುವ ಕಾಳುಮೆಣಸಿನ ತೋಟ ಅವರದೇ, ಸೊಸೈಟಿ ನಿಂತಿರುವ ಜಾಗವೂ ಅವರ ತಂದೆ ಬಿಟ್ಟುಕೊಟ್ಟದ್ದು. ಮೇಜಿನ ಕೆಳಗಿನಿಂದ ಎದ್ದು ಬಂದ ತೇಜಸ್ಸಿಗೆ ಅವರು ಎಲ್ಲರೆದುರೇ ಇನ್ನೊಂದು ಮಾತು ಹೇಳಿದರು. ಈ ಸಲ ಬೈಗುಳವಿರಲಿಲ್ಲ, ಬೆಣ್ಣೆ ಹಚ್ಚಿದ ದನಿ. ಶನಿವಾರ ಕಮಿಟಿ ಕೂರುತ್ತದೆ. ಪೇಟೆಯ ಒಂದು ಕಂಪನಿಯವರು ಹೊಸ ಕಂಪ್ಯೂಟರ್ ಇಟ್ಟು ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಅವರಿಗೆ ಕೂರಲು ಪಕ್ಕದ ರೂಮು ಬೇಕಂತೆ. ಅಷ್ಟರೊಳಗೆ ಇದು ಸರಿಹೋದರೆ ಸರಿ, ಇಲ್ಲವಾದರೆ ತೇಜಸ್ ತನ್ನ ಸಾಮಾನು ತೆಗೆದುಕೊಳ್ಳಬೇಕು.

ಪಕ್ಕದ ರೂಮು ಎಂದರೆ ತೇಜಸ್ಸಿನ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತು. ಹಿಂದೆ ದನದ ಹಿಂಡಿಯ ಚೀಲ ಪೇರಿಸುತ್ತಿದ್ದ ಕೋಣೆ. ಮಳೆ ಬಂದರೆ ಈಗಲೂ ಹಿಂಡಿಯ ವಾಸನೆ ಏಳುತ್ತದೆ. ಅಲ್ಲಿ ಅವನದೊಂದು ಬೆಂಚು, ಬೆಸುಗೆಯ ಕಡ್ಡಿ, ಭೂತಗನ್ನಡಿ, ಸತ್ತ ಮೊಬೈಲುಗಳ ಡಬ್ಬಿ. ಸೊಸೈಟಿಯ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ ಎಂಬ ಒಂದೇ ಮಾತಿನ ಮೇಲೆ ಆ ಕೋಣೆ ಅವನಿಗೆ ಸಿಕ್ಕಿತ್ತು. ಅದಕ್ಕೆ ಮುಂಚೆ ಅವನು ಕಬಿನಿಯಾಚೆಯ ಶುಂಠಿ ಹೊಲಗಳಲ್ಲಿ ಮಣ್ಣು ಏರಿಸುತ್ತಿದ್ದ. ಮೇಸ್ತ್ರಿಯ ಶಿಳ್ಳೆಗೆ ಏಳುವುದು, ಶಿಳ್ಳೆಗೆ ಬಗ್ಗುವುದು. ಕೋಣೆ ಹೋದರೆ ಮತ್ತೆ ಆ ಶಿಳ್ಳೆಯೇ.

ಮಲ್ಲಿಗಮ್ಮ ತನ್ನ ಹಾಲು ಅಳೆಸಿ, ಖಾಲಿ ಕ್ಯಾನು ತೂಗಾಡಿಸುತ್ತ, ಮಗನ ಕಡೆ ನೋಡದೆ ಮನೆಯ ದಾರಿ ಹಿಡಿದಳು. ಆಮೇಲೆ ಮನೆಯಲ್ಲೂ ಅವಳು ಆಡಿದ್ದು ಒಂದೇ ಮಾತು: "ಅಂದೋರು ಅಂದ್ರು, ನೀ ಉಣ್ಣು." ತೇಜಸ್ ಉಣ್ಣಲಿಲ್ಲ. ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಿರುಗಿದ. ಕಟ್ಟಿಹಾಕಿದ ಹಸು ಕೂಡ ತಲೆಯೆತ್ತಿ ಅವನನ್ನೇ ನೋಡಿತು.

ಆ ಕಂಪ್ಯೂಟರೇನು ಹೊಸದಲ್ಲ. ಯಾವುದೋ ಆಫೀಸಿನವರು ಹೊಸದು ಕೊಂಡಾಗ ಹಳೆಯದನ್ನು ಸೊಸೈಟಿಗೆ ದಾಟಿಸಿದ್ದರು, ಅಕ್ಕನ ಹಳೇ ಲಂಗ ತಂಗಿಗೆ ಬಂದ ಹಾಗೆ. ಆದರೂ ದುಡಿಯುತ್ತಿತ್ತು. ಈ ಬೇಸಿಗೆ ಕಾಲಿಟ್ಟ ಮೇಲೆಯೇ ರೋಗ ಹಿಡಿದದ್ದು. ಅದೂ ಎಂಥ ರೋಗ! ಬೆಳಗಿನ ಹಾಲಿಗೆ ಕೂತರೆ ಕುರಿಮರಿಯ ಹಾಗೆ ಸಾಧು. ಸಂಜೆಯ ಹಾಲಿಗೆ ಕೂತರೆ ದೆವ್ವ ಹೊಕ್ಕ ಹಾಗೆ.

ತೇಜಸ್ ಮಾಡದ ಮದ್ದಿಲ್ಲ. ಮೌಸ್ ಬದಲಾಯಿಸಿದ. ಹೊಸ ಮೌಸೂ ಸಂಜೆಗೆ ಸತ್ತಿತು, ಮರುದಿನ ಬೆಳಿಗ್ಗೆ ಏನೂ ಆಗದವರ ಹಾಗೆ ಎದ್ದು ಓಡಾಡಿತು. ಪೋರ್ಟುಗಳ ಬಾಯಿಗೆ ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕರೆಂಟು ಉಳಿಸಲು ಪೋರ್ಟುಗಳು ತಾವಾಗಿಯೇ ನಿದ್ದೆ ಹೋಗುವ ಒಂದು ಏರ್ಪಾಡು ಇರುತ್ತದೆ, ಅದನ್ನು ಹುಡುಕಿ ಟಿಕ್ ತೆಗೆದ. ಡ್ರೈವರ್ ಅಳಿಸಿ ಮತ್ತೆ ಹಾಕಿದ. ಸಿಪಿಯುವಿನ ಹೊಟ್ಟೆಯೊಳಗೆ ಕರೆಂಟು ಹಂಚುವ ಪೆಟ್ಟಿಗೆಯನ್ನೇ ಬದಲಾಯಿಸಿದ. ಸಂಜೆ ಎಲ್ಲರೂ ದೀಪ ಹಾಕುವುದರಿಂದ ವೋಲ್ಟೇಜ್ ಇಳಿಯುತ್ತದೆಂದು ಹಳೇ ಸ್ಟೆಬಿಲೈಸರ್ ಹೊತ್ತು ತಂದ. ಒಮ್ಮೆಯಂತೂ ಲತಿಕಳ ಕೈ ಬೆವರಿನ ಮೇಲೂ ಅನುಮಾನಪಟ್ಟು, ಕೈ ಒರೆಸಿಕೊಂಡು ಮುಟ್ಟು ಎಂದು ಹೇಳಿ ಅವಳಿಂದ ಒಂದು ದಿನವಿಡೀ ಮೌನ ಸಂಪಾದಿಸಿದ. ಕೊನೆಗೆ ಪೆಟ್ಟಿಗೆಯ ತಳದಿಂದ ಹಳೇ ಕಾಲದ ಗುಂಡು ಪಿನ್ನಿನ ಮೌಸ್ ಹುಡುಕಿ ತಂದು ಸಿಕ್ಕಿಸಿದ. ಅದು ಒಂದು ಸಂಜೆ ಪೂರ್ತಿ ಓಡಿತು. ಆ ಸಂಜೆ ತೇಜಸ್ ಜಗಲಿಯ ಮೇಲೆ ರಾಜನ ಹಾಗೆ ಓಡಾಡಿ, ಸರಿಹೋಯ್ತು, ಇನ್ನು ಚಿಂತೆಯಿಲ್ಲ ಎಂದು ಎಲ್ಲರಿಗೂ ಸಾರಿದ. ಮರುಸಂಜೆ ಅದೂ ನಿಂತಿತು. ಸಾರಿದ ಬಾಯಿಯನ್ನು ಎಲ್ಲಿ ಬಚ್ಚಿಡುವುದು?

ಇದೆಲ್ಲದರ ನಡುವೆ ಪೋರ್ಟುಗಳು ಒಂದೊಂದಾಗಿ ನಿಜವಾಗಿಯೇ ಸಾಯತೊಡಗಿದ್ದವು. ಮುಂದಿನವು ಹೋದವು. ಹಿಂದಿನವುಗಳಲ್ಲಿ ಎರಡು ಬೆಳಿಗ್ಗೆಯೂ ಏಳಲಿಲ್ಲ. ಸಂಜೆಗಳು ಆ ಕಂಪ್ಯೂಟರನ್ನು ತುಂಡುತುಂಡಾಗಿ ತಿನ್ನುತ್ತಿದ್ದವು.

ಆ ದಿನಗಳಲ್ಲೇ ಒಮ್ಮೆ ಕಾರ್ತು ಅವನ ಬಳಿ ಬಂದಿದ್ದಳು. ಕಾರ್ತು ಕೆಳಗಿನ ಕಾಲೊನಿಯವಳು, ವಯಸ್ಸಾದವಳು. ಹಾಲಿನ ಕ್ಯಾನುಗಳನ್ನು ಸೊಸೈಟಿಯ ಹಿಂದುಗಡೆ ತೊಳೆದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬೋರಲು ಹಾಕುವುದು ಅವಳ ಕೆಲಸ. ಸಂಜೆ ಹೊತ್ತು ಆ ಕಂಬಿ ಕಡಿಯುತ್ತೆ ಮೋನೇ, ವಸಿ ನೋಡು ಎಂದು ಸ್ವಂತ ಮಗನಿಗೆ ಹೇಳುವ ಹಾಗೆ ಕೇಳಿದಳು. ತೇಜಸ್ ಆಗ ಕೆಟ್ಟ ಸಿಟ್ಟಿನಲ್ಲಿದ್ದ. ಲತಿಕ ಇದ್ದಳು, ಹಾಲು ತಂದ ಇನ್ನಿಬ್ಬರು ಹೆಂಗಸರೂ ಇದ್ದರು.

"ಒದ್ದೆ ಕೈಯಲ್ಲಿ ಮುಟ್ಟಿದ್ರೆ ಕಡೀದೆ ಮುತ್ತು ಕೊಡುತ್ತಾ?" ಎಂದಿದ್ದ.

ಹೆಂಗಸರು ನಕ್ಕಿದ್ದರು. ಕಾರ್ತು ಸೆರಗಿಗೆ ಕೈ ಒರೆಸುತ್ತ ಹಿಂದಕ್ಕೆ ಹೋಗಿದ್ದಳು. ಅವನಿಗೆ ಅದು ಮರೆತೂ ಹೋಗಿತ್ತು.

ಗೌಡರ ಬೈಗುಳ ತಿಂದ ಮರುದಿನ ಬೆಳಗಿನ ಹಾಲು ಮುಗಿದದ್ದೇ ತಡ, ತೇಜಸ್ ಕಂಪ್ಯೂಟರನ್ನು ಎತ್ತಿಕೊಂಡು ತನ್ನ ಕೋಣೆಗೆ ಬಂದ. ಬೆಂಚಿನ ಮೇಲಿಟ್ಟು, ಮೈ ಬಿಚ್ಚಿ, ಮೌಸ್ ಸಿಕ್ಕಿಸಿ ಕಾದ. ಮೌಸಿನ ಬಾಣ ನೀರಿನ ಮೇಲಿನ ಹುಳದ ಹಾಗೆ ಸರಸರ ಓಡಿತು. ಅದನ್ನು ಕೆಡಿಸಲು ಅವನು ಮಾಡಬಾರದ್ದನ್ನೆಲ್ಲ ಮಾಡಿದ. ವಯರು ತಿರುಚಿದ, ಪೋರ್ಟನ್ನು ಬೆರಳಿನಿಂದ ಅಲುಗಾಡಿಸಿದ, ಸಿಪಿಯುವಿನ ನೆತ್ತಿಗೆ ಗುದ್ದಿದ. ಏನೂ ಆಗಲಿಲ್ಲ. ಕೆಡಬೇಕಾದಾಗ ಸರಿಯಿರುವ ಯಂತ್ರಕ್ಕಿಂತ ದೊಡ್ಡ ದ್ರೋಹಿ ಬೇರೆ ಇಲ್ಲ. ಮಧ್ಯಾಹ್ನ ಕಳೆಯಿತು. ಒಬ್ಬ ಮೊಬೈಲ್ ತಂದುಕೊಟ್ಟ, ತೇಜಸ್ ಅದರ ಗಾಜನ್ನು ಸೊಟ್ಟಗೆ ಅಂಟಿಸಿ ಬೈಸಿಕೊಂಡ. ಸಂಜೆ ಕಂಪ್ಯೂಟರನ್ನು ಹೊತ್ತು ತಂದು ಲತಿಕಳ ಮೇಜಿನ ಮೇಲಿಟ್ಟ. ಹೊರಗೆ ಸೂರ್ಯ ಮೆಣಸು ಹಬ್ಬಿದ ಮರಗಳ ಹಿಂದಕ್ಕೆ ಜಾರಿದ. ಟಿಣಿಂಗ್. ಟುಣುಂಗ್.

ಲತಿಕ ಪೆನ್ನಿನ ಮುಚ್ಚಳ ತೆಗೆದಳು. ಆ ಮುಚ್ಚಳದ ಸದ್ದು ಅವನಿಗೆ ಗೌಡರ ಮಾತಿಗಿಂತ ಜೋರಾಗಿ ಕೇಳಿಸಿತು. ಇನ್ನು ಅಲ್ಲಿ ನಿಂತರೆ ಏನಾದರೂ ಒಡೆದುಹಾಕುತ್ತೇನೆ ಅನ್ನಿಸಿ ಹಿತ್ತಲಿಗೆ ಹೋದ.

ಹಿತ್ತಲಲ್ಲಿ ಕಾರ್ತು ಕ್ಯಾನು ತೊಳೆಯುತ್ತಿದ್ದಳು. ತೊಳೆದ ಕ್ಯಾನನ್ನು ಸ್ಟ್ಯಾಂಡಿನ ಮೇಲೆ ಹಾಕುವ ಮುಂಚೆ ಗೋಣಿಚೀಲದ ತುಂಡೊಂದನ್ನು ಕೈಗೆ ಸುತ್ತಿಕೊಂಡಳು. ಹಾಕಿದ ಮೇಲೆ ಬಿಚ್ಚಿ ಹೆಗಲಿಗೆ ಎಸೆದುಕೊಂಡಳು. ಮುಂದಿನ ಕ್ಯಾನಿಗೆ ಮತ್ತೆ ಸುತ್ತಿಕೊಂಡಳು. ಒಲೆಯ ಮೇಲಿನ ಪಾತ್ರೆ ಇಳಿಸುವವರ ಹಾಗೆ. ಆದರೆ ಕ್ಯಾನು ತಣ್ಣಗಿತ್ತು.

ಅದು ಯಾಕೆ ಎಂದು ತೇಜಸ್ ಕೇಳಿದ. ಕಾರ್ತು ತಿರುಗಿ ನೋಡಲಿಲ್ಲ.

"ಹೇಳಿದ್ನಲ್ಲ. ನೀ ಮುತ್ತು ಅಂದೆ."

ತೇಜಸ್ ನಲ್ಲಿಯ ಕೆಳಗೆ ಕೈ ಹಿಡಿದು, ಒದ್ದೆ ಬೆರಳನ್ನು ಮೆಲ್ಲಗೆ ಕಂಬಿಗೆ ತಾಗಿಸಿದ. ಕಡಿಯಿತು. ಬಿಟ್ಟಿತು. ಮತ್ತೆ ಕಡಿಯಿತು. ಮನೆಯ ಕರೆಂಟು ಹೊಡೆಯುವ ಹಾಗಲ್ಲ, ಅದು ಹಿಡಿದರೆ ನಡುಗಿಸುತ್ತದೆ. ಇದು ಕೆಂಪಿರುವೆಯ ಹಾಗೆ, ಕಡಿದು ಸುಮ್ಮನಿದ್ದು ಮತ್ತೆ ಕಡಿಯುವಂಥದ್ದು. ಆ ಸುಮ್ಮನಿರುವ ಹೊತ್ತಿನಲ್ಲಿ ಅವನ ಕಿವಿಗೆ ಇನ್ನೊಂದು ಸದ್ದು ಬಿತ್ತು. ಬೇಲಿಯಾಚೆ, ಗೌಡರ ಪಂಪ್‌ಹೌಸಿನೊಳಗಿಂದ. ಟಕ್. ಟಕ್. ಟಕ್. ಹುಟ್ಟಿದಾಗಿನಿಂದ ಸಂಜೆಯಾದರೆ ಕೇಳುತ್ತ ಬಂದಿರುವ ಸದ್ದು, ಆದ್ದರಿಂದಲೇ ಯಾರೂ ಕೇಳಿಸಿಕೊಳ್ಳದ ಸದ್ದು. ಆನೆಬೇಲಿಯ ಪೆಟ್ಟಿಗೆ. ಹಗಲು ಬಿಸಿಲಲ್ಲಿ ಬ್ಯಾಟರಿ ತುಂಬಿಕೊಂಡು, ಕತ್ತಲಿಳಿಯುವ ಮುಂಚೆ ಗುಂಡಿ ಒತ್ತಿದರೆ ಬೆಳಗಿನ ತನಕ ತಂತಿಗೆ ಹೊಡೆತ ಕಳಿಸುತ್ತಲೇ ಇರುತ್ತದೆ.

ಬೇಲಿಯ ಟಕ್ ಎನ್ನುವುದಕ್ಕೂ ಕಂಬಿ ಕಡಿಯುವುದಕ್ಕೂ ಒಂದು ಕೂದಲಿನ ಅಂತರವೂ ಇರಲಿಲ್ಲ. ಒಳಗಿನಿಂದ ಕಂಪ್ಯೂಟರು ಟುಣುಂಗ್ ಎಂದಿತು.

ಬೆಳಕು ಹರಿದು ಬೇಲಿಯ ಪೆಟ್ಟಿಗೆ ಬಾಯಿ ಮುಚ್ಚಿದ ಮೇಲೆ ತೇಜಸ್ ಹಿತ್ತಲನ್ನು ಅಂಗುಲ ಅಂಗುಲ ಹುಡುಕಿದ. ಹುಡುಕುವುದೇನೂ ಹೆಚ್ಚಿರಲಿಲ್ಲ. ಕ್ಯಾನು ತೊಳೆದ ನೀರು ಹರಿದು ಹೋಗಿ ಸೇರುವ ಕಡೆ ಸೊಸೈಟಿಯ ಅರ್ತ್ ಗುಂಡಿ ಇದೆ. ನೆಲಕ್ಕೆ ಹೂತ ಒಂದು ಪೈಪು. ಕಟ್ಟಡದ ಅಷ್ಟೂ ಪ್ಲಗ್ಗುಗಳ ಅರ್ತ್ ವಯರು ಬಂದು ಅದರ ಕೊರಳಿಗೆ ಬಿಗಿದುಕೊಂಡಿದೆ. ಕಂಪ್ಯೂಟರಿನ ತಗಡಿನ ಮೈಯೂ ಆ ವಯರಿನ ಮೂಲಕ ಇದೇ ಪೈಪಿಗೆ ಸೇರಿದ್ದು. ಕಾರ್ತುವಿನ ಸ್ಟ್ಯಾಂಡಿನ ಕಾಲೂ ಅದೇ ಕೊಚ್ಚೆಯಲ್ಲಿ ನಿಂತಿದೆ. ತೇಜಸ್ ಮಣ್ಣು ಕೆದಕಿದ. ಪೈಪಿನ ಕೊರಳಿಗೆ ಇನ್ನೊಂದು ತಂತಿ ಇತ್ತು. ದಪ್ಪನೆಯ ಬಿಳಿ ತಂತಿ. ಗೊಬ್ಬರದ ಗಿಡಗಳ ಬೇಲಿಯ ಬುಡದಲ್ಲೇ ಸಾಗಿ, ಮಣ್ಣಿನಲ್ಲಿ ಮುಳುಗಿ, ಮತ್ತೆ ಎದ್ದು, ಗೌಡರ ಪಂಪ್‌ಹೌಸಿನ ಗೋಡೆ ಹತ್ತಿತ್ತು.

ಇದು ಈ ಕಡೆಯ ಜನಕ್ಕೆ ಮಾತ್ರ ಹೊಳೆಯುವ ಬುದ್ಧಿ. ಆನೆಬೇಲಿ ಹೊಡೆಯಬೇಕಾದರೆ ಅದರ ಒಂದು ಕಾಲು ನೆಲದಲ್ಲಿ ಗಟ್ಟಿಯಾಗಿ ಊರಿರಬೇಕು. ಮಳೆಗಾಲದಲ್ಲಿ ತೊಂದರೆಯಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟರೆ ಬೇಲಿಯ ಏಟು ಸೊಳ್ಳೆ ಕಚ್ಚಿದಷ್ಟಾಗುತ್ತದೆ. ಆನೆಗಳೇನು ದಡ್ಡ ಪ್ರಾಣಿಗಳಲ್ಲ, ಕಾಲಲ್ಲಿ ಮುಟ್ಟಿ ನೋಡಿ ಒಳಗೆ ನುಗ್ಗುತ್ತವೆ. ಅದೇ ಹೊತ್ತಿಗೆ ಕಬಿನಿಯೂ ಬತ್ತಿ ಆಚೆಯ ಕಾಡಿನಿಂದ ಈಚೆಗೆ ದಾರಿ ಬಿಟ್ಟಿರುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಒದ್ದೆಯಿರುವ ನೆಲ ಎಲ್ಲಿದೆ ಎಂದು ಯಾರೋ ಯೋಚಿಸಿದ್ದಾರೆ. ದಿನಕ್ಕೆ ಎರಡು ಹೊತ್ತು ನೀರು ಕುಡಿಯುವ ಗುಂಡಿ ಊರಿಗೆಲ್ಲ ಒಂದೇ. ಬೇಲಿಯ ಕಾಲನ್ನು ತಂದು ಅಲ್ಲಿ ಊರಿದ್ದಾರೆ. ಬೇಲಿ ಗಟ್ಟಿಯಾಯಿತು. ಟಕ್ ಎಂದಾಗಲೆಲ್ಲ ಆ ಏಟಿನ ಒಂದು ಚೂರು ಅರ್ತ್ ವಯರು ಹಿಡಿದು ಹಿಂದಕ್ಕೆ ಹತ್ತಿ ಲತಿಕಳ ಮೇಜಿಗೆ ಬಂತು.

ಯಾರೋ ಏನು, ಕಟ್ಟಿದ ಕೈ ಯಾರದೆಂದು ತಂತಿಯೇ ಹೇಳುತ್ತಿತ್ತು. ತುದಿಯನ್ನು ಸುತ್ತಿ, ಸುತ್ತಿನ ಅಡಿಯಿಂದ ನುಸುಳಿಸಿ, ಬಾಲವನ್ನು ಮೇಲ್ಮುಖವಾಗಿ ಬಿಟ್ಟಿತ್ತು. ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವಾಗ ಪದ್ಮಪ್ಪ ಗೌಡರು ಹಾಕುವ ಗಂಟು. ಬಾಲ ಮೇಲಕ್ಕಿದ್ದರೆ ಬಳ್ಳಿಯೂ ಮೇಲಕ್ಕೆ ಹೋಗುತ್ತದೆ ಎಂದು ಆಳುಗಳಿಗೆ ಬೈದು ಬೈದು ಕಲಿಸುವವರು ಅವರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ತಾನು ಇಷ್ಟು ದಿನ ಮೌಸಿನ ಮೈ ತಿಕ್ಕುತ್ತಿದ್ದೆನಲ್ಲ ಎಂದು ತೇಜಸ್ಸಿಗೆ ಮೈ ಉರಿಯಿತು. ಗುಂಡು ಪಿನ್ನಿನ ಮೌಸ್ ಒಂದು ಸಂಜೆ ಯಾಕೆ ಓಡಿತೆಂದೂ ಈಗ ಗೊತ್ತಾಯಿತು. ಆವತ್ತು ಬೇಲಿಯ ಬ್ಯಾಟರಿಯನ್ನು ಬಿಚ್ಚಿ ಪೇಟೆಗೆ ಕಳಿಸಿದ್ದರು. ಅವನು ರಾಜನ ಹಾಗೆ ಓಡಾಡಿದ್ದು ಗೌಡರ ಸತ್ತ ಬ್ಯಾಟರಿಯ ದೆಸೆಯಿಂದ.

ಆಗಲೇ ಹಾರೆ ತಂದು, ತನ್ನ ಕೋಣೆಯ ಹಿಂದೆ ಕಂಪ್ಯೂಟರಿಗೆಂದೇ ಬೇರೆ ಗುಂಡಿ ತೋಡಿ, ಬೇರೆ ಪೈಪು ಹೂಳಬಹುದಿತ್ತು. ಅರ್ಧ ದಿನದ ಕೆಲಸ. ಸಂಜೆಗೆ ಮೌಸ್ ಓಡುತ್ತಿತ್ತು, ಶನಿವಾರ ಕಮಿಟಿ ಸುಮ್ಮನಾಗುತ್ತಿತ್ತು, ಕೋಣೆ ಉಳಿಯುತ್ತಿತ್ತು. ತೇಜಸ್ಸಿಗೆ ಇದು ಹೊಳೆಯದೆ ಇರಲಿಲ್ಲ. ಹಾರೆಯನ್ನು ಕೈಗೂ ತೆಗೆದುಕೊಂಡ. ಆಮೇಲೆ ಗೋಡೆಗೆ ಒರಗಿಸಿದ. ಮಾನ ಹೋದದ್ದು ಜನರ ಮುಂದೆ. ಕದ್ದುಮುಚ್ಚಿ ಗುಂಡಿ ತೋಡಿದರೆ ಅದು ವಾಪಸು ಬರುತ್ತದೆಯೇ? ಬಂದರೆ ಅದೂ ಜನರ ಮುಂದೆಯೇ ಬರಬೇಕು. ಎಲ್ಲರೂ ಕ್ಯಾನು ಹಿಡಿದು ನಿಂತಿರಬೇಕು, ಗೌಡರು ಬಿಳಿ ಪಂಚೆಯಲ್ಲಿ ನಿಂತಿರಬೇಕು, ಅವ್ವ ನೋಡುತ್ತಿರಬೇಕು.

ಆ ಹಗಲು ಅವನು ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಚಾಯ್ ಅಂಗಡಿಗೆ ಹೋಗಿ ಅರ್ಧ ಕುಡಿದು ಎದ್ದ. ಕೋಣೆಯ ಬಾಗಿಲು ತೆಗೆದ, ಹಾಕಿದ, ಮತ್ತೆ ತೆಗೆದ. ಆಡಬೇಕಾದ ಮಾತುಗಳನ್ನು ಬೆಂಚಿನ ಮುಂದೆ ನಿಂತು ಹದ ಮಾಡಿದ. ಹೆರಿಗೆ ಆಯ್ತು ಗೌಡ್ರೇ, ಮಗು ನಿಮ್ಮ ಹಾಗೇ ಇದೆ. ಈ ಮಾತು ಅವನಿಗೆ ಬಹಳ ಹಿಡಿಸಿತು. ಎಷ್ಟು ಸಲ ಆಡಿದರೂ ರುಚಿ ಕೆಡಲಿಲ್ಲ. ಸೂರ್ಯ ಮಾತ್ರ ಇದ್ದಲ್ಲೇ ಇದ್ದ.

ಅಂತೂ ಸಂಜೆಯಾಯಿತು. ಜಗಲಿ ತುಂಬಿತು. ಗೌಡರು ಪಂಪ್‌ಹೌಸಿಗೆ ಹೋಗಿ ಬೇಲಿಯ ಗುಂಡಿ ಒತ್ತಿ, ಕೈ ಒರೆಸಿಕೊಳ್ಳುತ್ತ ಬಂದರು. ಅವರು ಮೆಟ್ಟಿಲು ಹತ್ತುವ ಹೊತ್ತಿಗೆ ಲತಿಕಳ ಅಂಗೈ ಕೆಳಗಿನ ದೀಪ ಆರಿತು.

"ಇವತ್ತೂ ಹೆರಿಗೆ ಆಗ್ಲಿಲ್ವೇನೋ?" ಎಂದರು ಗೌಡರು.

ತೇಜಸ್ ಎಲ್ಲರನ್ನೂ ಹಿತ್ತಲಿಗೆ ಕರೆದ. ಅವನ ದನಿಯಲ್ಲಿ ಏನಿತ್ತೋ, ಬಂದರು. ಕಿಟಕಿಯಾಚೆ ಲತಿಕ ಮೌಸಿನ ಮೇಲೆ ಕೈಯಿಟ್ಟು ಕೂತಿದ್ದಳು. ಅವನು ರಬ್ಬರ್ ಹಿಡಿಯ ಇಕ್ಕಳದಿಂದ ಬಿಳಿ ತಂತಿಯ ಗಂಟು ಬಿಚ್ಚಿ, ತುದಿಯನ್ನು ಪೈಪಿನಿಂದ ದೂರಕ್ಕೆ ಎಳೆದು ಹಿಡಿದ. ಈಗ ನೋಡು ಎಂದ. ಬಾಣ ಓಡ್ತಾ ಇದೆ ಎಂದಳು ಲತಿಕ. ತಂತಿಯನ್ನು ತಿರುಗಿ ತಾಗಿಸಿದ. ನಿಂತಿತು ಎಂದಳು. ಬಿಡಿಸಿದ, ಓಡಿತು. ತಾಗಿಸಿದ, ನಿಂತಿತು. ನೋಡುತ್ತಿದ್ದವರ ಬಾಯಿ ಸಣ್ಣಗೆ ತೆರೆದುಕೊಂಡಿತು. ತಂತಿ ಎಲ್ಲಿಂದ ಬಂದಿದೆ ಎಂದು ಅವನು ಹೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ತಾವಾಗಿಯೇ ಬೇಲಿಯ ಬುಡ ಹಿಡಿದು ಪಂಪ್‌ಹೌಸಿನ ಗೋಡೆ ಹತ್ತಿದವು. ಕೊನೆಯ ಸಲ ಬಿಡಿಸಿ, ತುದಿಯನ್ನು ಇಕ್ಕಳದಲ್ಲಿ ಹಾವಿನ ಹಾಗೆ ಎತ್ತಿ ಹಿಡಿದು, ತೇಜಸ್ ತನ್ನ ಹದವಾದ ಮಾತಿಗೆ ಬಾಯಿ ತೆರೆದ.

"ಹೌದು, ನಾನೇ ಕಟ್ಟಿದ್ದು," ಎಂದರು ಗೌಡರು. ಮುಖದಲ್ಲಿ ಒಂದು ಗೆರೆ ಕೂಡ ಕದಲಲಿಲ್ಲ. "ಬೇಸಿಗೇಲಿ ಒದ್ದೆ ಇರೋ ನೆಲ ಇದೊಂದೇ ಅಲ್ವಾ? ಇದಕ್ಕೆ ಕಟ್ಟಿದ ಮೇಲೆ ಒಂದು ಆನೆ ಬಂದಿದೆಯಾ, ಯಾರಾದ್ರೂ ಹೇಳಿ."

ಬಂದಿರಲಿಲ್ಲ. ಹೋದ ಬೇಸಿಗೆಯಲ್ಲಿ ಆನೆ ಬಂದು ಬಾಳೆ ಮುರಿದಿತ್ತು, ಕಾಲೊನಿಯ ಒಂದು ಮನೆಯ ಮೂಲೆ ಕೆಡವಿತ್ತು, ಮಲ್ಲಿಗಮ್ಮನ ಕೊಟ್ಟಿಗೆಯ ಗೋಡೆಗೆ ಒರಗಿ ಬೆನ್ನು ತಿಕ್ಕಿಕೊಂಡು ಹೋಗಿತ್ತು. ಬೇಲಿ ಬರೀ ಗೌಡರ ಮೆಣಸನ್ನು ಸುತ್ತಿ ನಿಂತಿರಲಿಲ್ಲ. ಅಲ್ಲಿಂದ ಇಳಿದು ಕಾಲೊನಿಯ ಪಕ್ಕ ಹಾಯ್ದು, ಅಲ್ಲಿ ನಿಂತಿದ್ದ ಹೆಚ್ಚಿನವರ ಹಿತ್ತಲನ್ನು ತಬ್ಬಿಕೊಂಡು ಹೋಗಿತ್ತು. ಜನರ ಕಣ್ಣು ಪಂಪ್‌ಹೌಸಿನ ಗೋಡೆಯಿಂದ ಇಳಿದು ಬಂದು ಈಗ ತೇಜಸ್ಸಿನ ಇಕ್ಕಳದ ಮೇಲೆ ನಿಂತವು. ಆ ನೋಟ ಅವನಿಗೆ ಬೇಕಿದ್ದ ನೋಟವಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆದಿಟ್ಟ ಮಗುವನ್ನು ನೋಡುವ ನೋಟ. ಒಬ್ಬ ಹೆಂಗಸು, ಹಾಗಾದ್ರೆ ಈಗ ಬೇಲೀಲಿ ಏನೂ ಇಲ್ವಾ ಎಂದು ಪಕ್ಕದವಳನ್ನು ಕೇಳಿದಳು. ಮೌಸ್ ಸತ್ತರೆ ಸಾಯಲಿ, ಲತಿಕ ಕೈಯಲ್ಲಿ ಬರೆದರೆ ಆಗದೇ ಎಂದು ಇನ್ನೊಬ್ಬರು ಗೊಣಗಿದರು. ಕಾಡಿನ ಕಡೆ ಆಗಲೇ ಮಬ್ಬು ಇಳಿಯುತ್ತಿತ್ತು.

"ಕಟ್ಲಾ ತೇಜು," ಎಂದಳು ಮಲ್ಲಿಗಮ್ಮ. "ಮೊಬ್ಬಾಯ್ತಾ ಅದೆ."

ಗೌಡರು ಹೇಳಿದ್ದರೆ ಅವನು ತಂತಿಯನ್ನು ಅವರ ಕಾಲ ಬಳಿಗೆ ಎಸೆಯುತ್ತಿದ್ದ. ಹೇಳಿದವಳು ಅವ್ವ. ಅವಳು ಮಗನನ್ನು ನೋಡುತ್ತಿರಲಿಲ್ಲ, ತಂತಿಯ ತುದಿಯನ್ನು ನೋಡುತ್ತಿದ್ದಳು. ಹದ ಮಾಡಿಟ್ಟಿದ್ದ ಮಾತು ಅವನ ಗಂಟಲಲ್ಲೇ ಹಳಸಿತು. ಅವನು ಬಗ್ಗಿದ. ತಂತಿಯನ್ನು ಪೈಪಿನ ಕೊರಳಿಗೆ ಸುತ್ತಿ, ಅಡಿಯಿಂದ ನುಸುಳಿಸಿ, ಎಳೆದು ಬಿಗಿದ. ಬಿಗಿದ ಮೇಲೆ ನೋಡಿದರೆ ಬಾಲ ಮೇಲಕ್ಕಿತ್ತು. ಒಳಗೆ ಕಂಪ್ಯೂಟರು ಟುಣುಂಗ್ ಎಂದಿತು, ಲತಿಕ ಪೆನ್ನಿನ ಮುಚ್ಚಳ ತೆಗೆದಳು, ಜನ ನಿರಾಳವಾಗಿ ಜಗಲಿಯ ಕಡೆ ತಿರುಗಿದರು.

"ಅಂದ್ರೆ ಕಂಬಿ ಕಡಿಯೋದು ಹಂಗೇನಾ?" ಎಂದು ಕಾರ್ತು ಕೇಳಿದಳು. ಗೋಣಿಯ ತುಂಡು ಅವಳ ಕೈಯಲ್ಲೇ ಇತ್ತು.

ತೇಜಸ್ ತನ್ನ ಕೋಣೆಗೆ ಹೋದ. ಅವನು ಬಾಗಿಲು ಧಡ್ಡನೆ ಹಾಕಿಕೊಳ್ಳುತ್ತಾನೆ ಎಂದು ಜನ ಕಾದರು. ಹಾಕಿಕೊಳ್ಳಲಿಲ್ಲ. ಬೆಂಚಿನ ಕೆಳಗೆ ಒಂದು ದಪ್ಪ ರಬ್ಬರ್ ಚಾಪೆ ಇತ್ತು. ಕರೆಂಟಿನ ಕೆಲಸ ಮಾಡುವಾಗ ಮೆಟ್ಟಿ ನಿಲ್ಲುತ್ತಿದ್ದ ಚಾಪೆ. ಅವನ ಕಾಲಿನ ಎರಡು ಅಚ್ಚು ಅದರ ಮೇಲೆ ಸವೆದು ಕೂತಿತ್ತು. ಅದನ್ನು ಎಳೆದುಕೊಂಡು ಹಿತ್ತಲಿಗೆ ಬಂದು ಸ್ಟ್ಯಾಂಡಿನ ಮುಂದೆ ಎಸೆದ. ಕೊಚ್ಚೆ ನೀರು ಕಾರ್ತುವಿನ ಸೀರೆಗೆ ಸಿಡಿಯಿತು. ಅದರ ಮೇಲೆ ನಿಂತ್ಕೊಂಡು ಹಾಕು ಎಂದಷ್ಟೇ ಹೇಳಿದ, ಅದೂ ಸಿಟ್ಟಿನಲ್ಲೇ. ಕಾರ್ತು ಒಂದು ಕಾಲಿಟ್ಟಳು, ಆಮೇಲೆ ಇನ್ನೊಂದನ್ನು ಇಟ್ಟಳು. ಗೋಣಿಯನ್ನು ಮಾತ್ರ ಕೈಯಿಂದ ಬಿಚ್ಚಲಿಲ್ಲ.

ತೇಜಸ್ ಹಿತ್ತಲಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಗೌಡರು ಜಗಲಿಯ ಅಂಚಿಗೆ ಬಂದಿದ್ದರು. ಕೈಯಲ್ಲಿ ಲತಿಕ ಕೊಟ್ಟ ಚಾಯ್ ಲೋಟ. ಸಾಲಿನಲ್ಲಿ ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿದರು.

"ಬುದ್ಧಿ ಇದೆ ಕಣೋ ನಿನಗೆ," ಎಂದರು ಗೌಡರು. ದನಿಯಲ್ಲಿ ಪ್ರೀತಿಯೂ ಇತ್ತು. ಕರೆಯಲು ಬಿಡದ ಹಸು ಒಂದು ದಿನ ಒದೆಯದೆ ನಿಂತರೆ ಬೆನ್ನು ಸವರುವಂಥ ಪ್ರೀತಿ. "ಲಾಳದವನೇ ಆದ್ರೂ ಮಗೂನ ಕಂಡುಹಿಡಿದೆ. ನಾಳೆ ಬೆಳಿಗ್ಗೆ ಬಂದು ಕಂಪ್ಯೂಟರಿಗೆ ಬೇರೆ ಗುಂಡಿ ತೋಡು, ನೆಲ ನಾನೇ ತೋರಿಸ್ತೀನಿ. ಕಮಿಟಿಗೆ ನಾನು ಹೇಳ್ಕೊಳ್ತೀನಿ, ರೂಮು ನಿನಗೇ ಇರಲಿ. ಏನು?"

ಜನ ನಕ್ಕರು. ಈ ಸಲ ಒಳ್ಳೆಯ ನಗೆ. ಪಕ್ಕದವರು ಮಲಯಾಳಿಗಳಿಗೆ ಬಿಡಿಸಿ ಹೇಳತೊಡಗಿದರು. ಸಾಲಿನಲ್ಲಿ ಮಲ್ಲಿಗಮ್ಮ ಕ್ಯಾನನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ, ಮೊದಲ ಸಲ ಮಗನ ಮುಖ ನೋಡಿದಳು. ಹೂಂ ಅನ್ನು ಎಂದು ಅವಳ ಕಣ್ಣು ಹೇಳುತ್ತಿತ್ತು. ಹೂಂ ಎಂದರೆ ಸಾಕಿತ್ತು. ಬೆಂಚು ಇದ್ದಲ್ಲೇ ಇರುತ್ತಿತ್ತು, ಶಿಳ್ಳೆ ಆಚೆಯ ದಡದಲ್ಲೇ ಉಳಿಯುತ್ತಿತ್ತು.

"ಏನೋ, ತೋಡ್ತೀಯಲ್ಲ?" ಎಂದು ಗೌಡರು ಮತ್ತೊಮ್ಮೆ ಕೇಳಿದರು.

ಬೇಲಿ ಟಕ್ ಎಂದಿತು. ಮಲಯಾಳಿಗಳ ನಗೆ ಇನ್ನೂ ಬರಬೇಕಿತ್ತು. ತೇಜಸ್ ಇಕ್ಕಳವನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡ. ತೆರೆದೇ ಇದ್ದ ಕೋಣೆಯ ಮುಂದಿನಿಂದ, ಸಾಲು ನಿಂತ ಕ್ಯಾನುಗಳ ನಡುವಿನಿಂದ, ಹಾರ್ನ್ ಒತ್ತುತ್ತಿದ್ದ ವ್ಯಾನಿನ ಪಕ್ಕದಿಂದ ರಸ್ತೆಗೆ ಇಳಿದು ನಡೆದ.